ನಡುಕದ ಪಾಲು

ನಮ್ಮೂರಿನ ಪೇಟೆಬೀದಿಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ತಲೆಯೆತ್ತಿಕೊಂಡು ನಡೆದರೆ, ನನ್ನ ಹೆಂಡತಿಯ ಸಕ್ಕರೆ ಯಾವ್ಯಾವಾಗ ಇಳಿದಿತ್ತು ಎಂದು ಯಾರು ಬೇಕಾದರೂ ಹೇಳಬಹುದು. ಅಲ್ಲಿನ ಬೋರ್ಡುಗಳನ್ನೆಲ್ಲ ಬರೆದವನು ನಾನು. ಸಂಗಮ ಬೇಕರಿಯ ಹೆಸರಿನ ಕೆಳಗೆ ಎಳೆದ ಕೆಂಪು ಗೆರೆ ಮುಕ್ಕಾಲು ಭಾಗ ನೆಟ್ಟಗೆ ಬಂದು ಕೊನೆಗೆ ಎರೆಹುಳದ ಹಾಗೆ ಹೊರಳಾಡಿತ್ತಲ್ಲ, ಅದು ಯುಗಾದಿಯ ಮರುದಿನ ಬೆಳಗಿನ ಹನ್ನೊಂದು ಗಂಟೆ. ಸೈಕಲ್ ಅಂಗಡಿಯ ಬೋರ್ಡಿನಲ್ಲಿ ಹಿಂದಿನ ಚಕ್ರ ಮೊಟ್ಟೆಯಾಗಿರುವುದು ಶ್ರಾವಣದ ಒಂದು ಸೋಮವಾರ, ದಾಕ್ಷಾಯಿಣಿ ಉಪವಾಸ ಮಾಡಿಯೇ ತೀರುತ್ತೇನೆಂದು ಹಟ ಹಿಡಿದ ದಿನ. ಜನ ನಗುತ್ತಿದ್ದರು, ನಾನೂ ಸೇರಿ ನಗುತ್ತಿದ್ದೆ. ನಕ್ಕವರೂ ಮತ್ತೆ ನನ್ನ ಹತ್ತಿರವೇ ಬರುತ್ತಿದ್ದರು, ಊರಲ್ಲಿ ಬೇರೆ ಪೇಂಟರ್ ಇರಲಿಲ್ಲ.

ನಮ್ಮಲ್ಲಿ ಔಷಧದ ಮುಕ್ಕಾಲು ಪಾಲನ್ನು ವಿಮಾ ಕಚೇರಿ ಹೊರುತ್ತದೆ. ಉಳಿದ ಕಾಲು ಪಾಲನ್ನು ಮನೆಯವರು ಮೈಮೇಲೆ ಹೊರಬೇಕು. ಅದಕ್ಕೆ ಬದಲು ಹಣ ಕೊಡುತ್ತೇವೆಂದರೆ ತೆಗೆದುಕೊಳ್ಳುವುದಿಲ್ಲ. ಒಂದೇ ಒಲೆಯ ಅಡಿಗೆ ಉಣ್ಣುವವರಲ್ಲಿ ಒಬ್ಬರು ಗುಲಾಬಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದರೆ, ರೋಗಿಯ ಒಂದು ತೊಂದರೆ ಅವರಿಗೆ ಬಂದು ಸೇರುತ್ತದೆ, ರೋಗಿಯನ್ನು ಬಿಟ್ಟು ಹೋಗುತ್ತದೆ. ಯಾವ ಔಷಧಕ್ಕೆ ಯಾವ ತೊಂದರೆ ಎಂಬುದು ಕಚೇರಿಯ ಗೋಡೆಯ ಮೇಲೆ ಪಟ್ಟಿಯಾಗಿದೆ, ಆ ಪಟ್ಟಿಯನ್ನೂ ನಾನೇ ಬರೆದದ್ದು. ಕನ್ನಡ ಶಾಲೆಯ ಹೆಡ್‌ಮಾಸ್ತರರಿಗೆ ಅವರ ಮಾವನ ಕೀಲುನೋವಿದೆ, ಹಾಗಾಗಿ ಥಂಡಿ ಬಿದ್ದ ದಿನ ಅವರು ಕುರ್ಚಿಯಿಂದಲೇ ಪಾಠ ಹೇಳುತ್ತಾರೆ. ಎರಡನೇ ನಂಬರ್ ಬಸ್ಸಿನ ಕಂಡಕ್ಟರ್ ತನ್ನ ಹೆಂಡತಿಯ ಗೂರಲು ಹೊತ್ತಿದ್ದಾನೆ, ಸೀಟಿ ಊದಲು ಉಸಿರು ಸಾಲದೆ ಬಸ್ಸಿನ ತಗಡು ಬಡಿಯುತ್ತಾನೆ. ಯಾರೂ ಇದನ್ನು ದೊಡ್ಡ ಮಾತೆಂದು ತಿಳಿಯುವುದಿಲ್ಲ. ಹೆಣ್ಣು ನೋಡಲು ಬಂದವರು ಕೂಡ, ಮನೆಯಲ್ಲಿ ಯಾರ್ಯಾರಿಗೆ ಏನೇನು ಔಷಧವಿದೆ ಎಂದು ಉಪ್ಪಿಟ್ಟು ಬಾಯಿಗಿಡುವ ಮೊದಲೇ ಕೇಳಿಬಿಡುತ್ತಾರೆ.

ದಾಕ್ಷಾಯಿಣಿಗೆ ಹದಿನಾಲ್ಕನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಇನ್ಸುಲಿನ್‌ಗೆ ಗೋಡೆಯ ಪಟ್ಟಿಯಲ್ಲಿ ಬರೆದಿರುವುದು ನಡುಕ. ಸಕ್ಕರೆ ತೀರ ಇಳಿದಾಗ ಕೈ ನಡುಗುತ್ತದಲ್ಲ, ಆ ನಡುಕ. ಮದುವೆಯಾದ ವಾರವೇ ಹೋಗಿ ಅದಕ್ಕೆ ಹೆಬ್ಬೆಟ್ಟು ಒತ್ತಿ ಬಂದೆ. ಬೋರ್ಡು ಬರೆಯುವವನು ನಡುಕ ತೆಗೆದುಕೊಂಡನಲ್ಲ ಎಂದು ಊರವರು ಹಣೆ ಹಣೆ ಬಡಿದುಕೊಂಡರು. ಆದರೆ ನನ್ನ ಅವ್ವನಿಗೆ ಆಗ ಕಣ್ಣಿನ ಆಪರೇಷನ್ ಆಗಿತ್ತು, ಮನೆಯಲ್ಲಿದ್ದದ್ದೇ ಮೂರು ಜನ. ಮತ್ತೆ, ಖರೆ ಹೇಳಬೇಕೆಂದರೆ, ಆಗ ನನಗೆ ಅವಳದು ಏನಾದರೂ ಒಂದು ನನ್ನ ಮೈಯಲ್ಲಿರಲಿ ಎಂಬ ಹುಚ್ಚೂ ಇತ್ತು.

ಕಚೇರಿಯವರು ಇನ್ಸುಲಿನ್ ಕೊಡುತ್ತಾರೆ, ಸೂಜಿ ಕೊಡುವುದಿಲ್ಲ. ರಕ್ತದ ಹನಿ ಹಾಕಿ ಸಕ್ಕರೆ ನೋಡುವ ಸ್ಟ್ರಿಪ್ಪುಗಳನ್ನಂತೂ ಕೇಳಲೇಬೇಡಿ. ಅವು ರೋಗವೂ ಅಲ್ಲ ಔಷಧವೂ ಅಲ್ಲ, ಬರೀ ಕುತೂಹಲ ಎಂದು ಅವರ ನಿಯಮದ ಪುಸ್ತಕದಲ್ಲಿದೆಯಂತೆ. ಡಾಕ್ಟರು ದಿನಕ್ಕೆ ಐದು ಸಲ ನೋಡಿಕೊಳ್ಳಿ ಎಂದಿದ್ದರು. ಐದು ಸಲ ನೋಡಿಕೊಂಡರೆ ತಿಂಗಳಲ್ಲಿ ಹದಿನೈದು ದಿನ ನಾವು ಮೂವರೂ ಉಪವಾಸ. ಆದ್ದರಿಂದ ಬೆಳಿಗ್ಗೆ ಒಂದು ಸ್ಟ್ರಿಪ್ ಮಾತ್ರ. ಸೂಜಿಯನ್ನು ಮೊಂಡಾಗಿ ಚರ್ಮ ನೀಲಿಗಟ್ಟುವ ತನಕ ಬಳಸುವುದು. ಉಳಿದ ಹೊತ್ತಿಗೆ ನಾನಿದ್ದೆನಲ್ಲ. ನನ್ನ ಕೈ ನಡುಗಿದರೆ ಅವಳ ಸಕ್ಕರೆ ಇಳಿಯಿತೆಂದು ಅರ್ಥ. ಒಂಬತ್ತು ವರ್ಷ ಅವಳಿಗೆ ನಾನೇ ಸ್ಟ್ರಿಪ್ಪು.

ಕೈ ನಡುಗಿದ ತಕ್ಷಣ ಕುಂಚವನ್ನು ಡಬ್ಬಿಗೆ ಎಸೆದು ಏಣಿ ಇಳಿದು ಮನೆಗೆ ಓಡುತ್ತಿದ್ದೆ. ಫೋನ್ ಮಾಡಿ ಪ್ರಯೋಜನವಿರಲಿಲ್ಲ. ಸಕ್ಕರೆ ಇಳಿದಾಗ ಅವಳಿಗೆ ವಿಚಿತ್ರ ಹಟ ಬರುತ್ತಿತ್ತು, ನಾ ಆರಾಮದೀನಿ, ಫೋನ್ ಇಡ್ರಿ ಎನ್ನುತ್ತಿದ್ದಳು. ಬೆವರುವುದು, ಹಸಿವಾಗುವುದು ಮುಂತಾದ ಸುಳಿವುಗಳೆಲ್ಲ ಅವಳ ಮೈಯಿಂದ ಎಂದೋ ಹೋಗಿಬಿಟ್ಟಿದ್ದವು, ಹಳೆಯ ಕಾಯಿಲೆಯವರಲ್ಲಿ ಹಾಗಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಉಳಿದಿದ್ದದ್ದು ನಡುಕವೊಂದೇ, ಅದು ನನ್ನ ಹತ್ತಿರ. ನಾನು ಓಡುವುದನ್ನು ಕಂಡರೆ ಬೀದಿಯವರು ದಾರಿ ಬಿಡುತ್ತಿದ್ದರು. ಮನೆಗೆ ಹೋಗಿ ಬೆಲ್ಲದ ಚೂರನ್ನು ಅವಳ ಬಾಯಿಗೆ ತುರುಕಿ ಎದುರು ಕೂತರೆ, ಹತ್ತು ನಿಮಿಷಕ್ಕೆ ನನ್ನ ಕೈಯ ನಡುಕ ನಿಲ್ಲುತ್ತಿತ್ತು, ಅವಳ ಕಣ್ಣಿಗೆ ಬೆಳಕು ಬರುತ್ತಿತ್ತು. ಆಗ ಬೆಲ್ಲ ಚೀಪುತ್ತಲೇ ಕೇಳುತ್ತಿದ್ದಳು: “ಇವತ್ತ ಯಾರ ಬೋರ್ಡು ಕೆಡಿಸಿ ಬಂದ್ರಿ?”

ಕಳೆದ ಫಾಲ್ಗುಣದಲ್ಲಿ ಬಸಲಿಂಗಪ್ಪ ಸಾಹುಕಾರರು ಹೇಳಿ ಕಳಿಸಿದರು. ಊರ ಹೊರಗೆ ದೊಡ್ಡ ಕಲ್ಯಾಣ ಮಂಟಪ ಕಟ್ಟಿಸಿದ್ದರು. ಅದರ ಕಮಾನಿನ ಮೇಲೆ ಹದಿನೆಂಟು ಅಡಿಯ ಬೋರ್ಡು, ಬಂಗಾರದ ಬಣ್ಣದ ಅಕ್ಷರ, ಸುತ್ತ ಬಳ್ಳಿ, ಕೆಳಗೆ ಈ ಕಡೆಯಿಂದ ಆ ಕಡೆಗೆ ಒಂದೇ ಗೆರೆ. ಅವರು ಹೇಳಿದ ಕೂಲಿಯನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಒಂದು ವರ್ಷ ದಾಕ್ಷಾಯಿಣಿ ದಿನಕ್ಕೆ ಐದು ಸಲ ಸಕ್ಕರೆ ನೋಡಿಕೊಳ್ಳಬಹುದಿತ್ತು. ಪ್ರತಿ ಸಲ ಹೊಸ ಸೂಜಿ.

“ನಿನ್ನಂಗ ಅಕ್ಷರ ಬರಿಯಾವ್ರು ಈ ಸೀಮ್ಯಾಗ ಯಾರೂ ಇಲ್ಲ ಸೋಮಲಿಂಗಾ, ಖರೇನ,” ಎಂದರು ಸಾಹುಕಾರರು ಎಲೆಗೆ ಸುಣ್ಣ ಹಚ್ಚುತ್ತ. “ಆದ್ರ ಇದು ಲಗ್ನದ ಜಾಗ. ನನ್ನ ಬೋರ್ಡಿನ್ಯಾಗ ನಿನ್ನ ಹೆಂಡ್ತಿ ಸಕ್ಕರಿ ಕಾಣಬಾರದು ನೋಡು.”

ಮನೆಗೆ ಬಂದು ಹೇಳಿದೆ. ದಾಕ್ಷಾಯಿಣಿ ಶೇಂಗಾ ಚಟ್ನಿ ಕುಟ್ಟುತ್ತಿದ್ದಳು. ಆ ಚಟ್ನಿಪುಡಿ ಮಾರಿಯೇ ಅವಳು ತನ್ನ ಸೂಜಿಯ ಖರ್ಚು ನೋಡಿಕೊಳ್ಳುತ್ತಿದ್ದದ್ದು. ಒನಕೆ ನಿಲ್ಲಿಸಿ, “ಊರ ತುಂಬ ನನ್ನ ಸಕ್ಕರಿ ಬರದು ಇಟ್ಟೀರಿ, ಒಂದ್ ಗ್ವಾಡಿ ಆದ್ರೂ ಸ್ವಚ್ಛ ಇರಲಿ ಬಿಡ್ರಿ,” ಎಂದು ನಕ್ಕಳು. ನಕ್ಕು, ಮತ್ತೆ ಕುಟ್ಟತೊಡಗಿದಳು. ಸ್ಟ್ರಿಪ್ಪಿನ ಆಸೆ ಅವಳಿಗೆ ಎಷ್ಟಿತ್ತೆಂದು ನನಗೆ ಗೊತ್ತಿತ್ತು. ಮೆಡಿಕಲ್ ಶಾಪಿನ ಗಾಜಿನ ಕಪಾಟಿನ ಮುಂದೆ ಬೇರೆ ಹೆಂಗಸರು ಸೀರೆ ಅಂಗಡಿಯ ಮುಂದೆ ನಿಲ್ಲುವ ಹಾಗೆ ನಿಲ್ಲುತ್ತಿದ್ದಳು.

ಪಾಲು ಬದಲಿಸಲು ವರ್ಷಕ್ಕೆ ಒಂದು ವಾರ ಮಾತ್ರ ಅವಕಾಶ, ಚೈತ್ರದ ಮೊದಲ ವಾರ. ಆ ವಾರ ತಪ್ಪಿದರೆ ಮುಂದಿನ ಚೈತ್ರದವರೆಗೆ ಹೊತ್ತವರೇ ಹೊರಬೇಕು. ಆಗ ಮೂಲೆಯಲ್ಲಿ ಕೂತಿದ್ದ ಅವ್ವ ಬಾಯಿಬಿಟ್ಟಳು. ಅವ್ವನ ಹೆಸರು ಗಂಗವ್ವ, ಎಪ್ಪತ್ತೆರಡು ವರ್ಷ. ಆರು ವರ್ಷದಿಂದ ಅವಳ ಕೈಗಳು ತಮ್ಮಷ್ಟಕ್ಕೆ ತಾವೇ ನಡುಗುತ್ತಿದ್ದವು. ಕಪ್ಪಿನಲ್ಲಿ ಚಹಾ ಕೊಟ್ಟರೆ ಅರ್ಧ ಸೀರೆಗೆ ಹೋಗುತ್ತದೆಂದು ದಾಕ್ಷಾಯಿಣಿ ಅವಳಿಗೆ ತಂಬಿಗೆಯ ತಳದಲ್ಲಿ ಇಷ್ಟೇ ಚಹಾ ಹಾಕಿ ಕೊಡುತ್ತಿದ್ದಳು.

“ನನಗ ಕೊಡ್ರಿ ಅದನ್ನ,” ಎಂದಳು ಅವ್ವ. “ನನ್ನ ಕೈ ಹೆಂಗೂ ನಡಗತಾವ. ಅದರಾಗ ಇನ್ನೊಂದೀಟು ಬಂದು ಬಿದ್ರ ನನಗೇನು ಹೊರಿ? ನಾ ಏನ್ ಬೋರ್ಡು ಬರಿಯಾಕಿ ಏನು? ದಿನಾ ಮನ್ಯಾಗ ಆಕಿ ಮಗ್ಗಲದಾಗs ಇರ್ತೀನಿ. ನೀ ಪ್ಯಾಟಿಯಿಂದ ಓಡಿ ಬರೂದೂ ತಪ್ತದ.”

ಎಂಥ ಸುಲಭದ ದಾರಿ ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದು ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಹೊಸ ನೋವು ಯಾರಿಗೂ ಇಲ್ಲ, ಹೋಗುವುದೂ ಏನಿಲ್ಲ. ಪಕ್ಕದ ಮನೆಯವರಿಗೆ ಹೇಳಿದರೆ ಅವರೂ ತಲೆದೂಗಿದರು. ನಮ್ಮ ಊರಿನವರು ಪಾಲು ಹಂಚುವುದರಲ್ಲಿ ಬಲು ಜಾಣರು. ಕುಂಟನಿಗೆ ಕಾಲುನೋವು ಕೊಡುತ್ತಾರೆ, ಕಿವುಡನಿಗೆ ಕಿವಿಯ ಮೊರೆತ ಕೊಡುತ್ತಾರೆ, ವ್ಯರ್ಥ ಯಾವುದನ್ನೂ ಮಾಡುವುದಿಲ್ಲ.

ವಿಮಾ ಕಚೇರಿಯಲ್ಲಿ ಗುಲಾಬಿ ಕಾಗದದ ಟೇಬಲ್ಲಿಗೆ ಹೊಸಮನಿ ಮೇಡಮ್ ಕೂರುತ್ತಾರೆ. ಒಳ್ಳೆಯ ಹೆಂಗಸು, ಮುದುಕರು ಬಂದರೆ ತಾವೇ ಎದ್ದು ಕುರ್ಚಿ ಕೊಡುತ್ತಾರೆ. ಅವ್ವನ ಹೆಬ್ಬೆಟ್ಟನ್ನು ಹಿಡಿದು ಮಸಿಗೆ ಒತ್ತಿ ಕಾಗದಕ್ಕೆ ತಂದರೆ ಗುರುತು ನಿಲ್ಲಲೇ ಇಲ್ಲ, ಮೂರು ಸಲವೂ ಹರಡಿ ಹೋಯಿತು.

“ಅಜ್ಜೀ, ನಿಮ್ಮ ಕೈ ಮೊದಲs ನಡಗಾಕತ್ತಾವಲ್ರೀ?” ಎಂದರು ಅವರು.

“ಅದಕ್ಕs ಬಂದೀನಿ ನೋಡವಾ,” ಎಂದಳು ಅವ್ವ, ಹೆಮ್ಮೆಯಿಂದ.

ಮೇಡಮ್ ಕಾಗದವನ್ನು ತಿರುವಿ ಮುರುವಿ ನೋಡಿದರು. ಅದರಲ್ಲಿ ಹಾಗೆಂದು ಬರೆಯಲು ಜಾಗವಿರಲಿಲ್ಲ. ನನ್ನ ಮುಖ ನೋಡಿದರು. ನಾನು ಬೋರ್ಡಿನ ಬಳ್ಳಿಗೆ ಹಸಿರು ಯಾವುದು ಹಾಕಲಿ ಎಂದು ಯೋಚಿಸುತ್ತಿದ್ದೆ. ಅವರು ಠಸ್ಸೆ ಹೊಡೆದರು. ಮೆಟ್ಟಿಲು ಇಳಿಯುವಾಗಲೇ ನನ್ನ ಕೈ ಹಗುರಾದಂತಾಯಿತು.

ಮೊದಲ ದಿನಗಳಲ್ಲಿ ಅವ್ವ ಕೈ ನಡುಗಿದಾಗಲೆಲ್ಲ ಬೆಲ್ಲದ ಡಬ್ಬಿ ತೆಗೆದುಕೊಂಡು ಓಡಿದಳು. ಅವಳ ಕೈ ಯಾವಾಗ ನಡುಗುತ್ತಿರಲಿಲ್ಲ? ಬೆಳಿಗ್ಗೆ ಮುಖ ತೊಳೆಯುವಾಗ, ರೊಟ್ಟಿ ಮುರಿಯುವಾಗ, ಸಿಟ್ಟು ಬಂದಾಗ, ಜಪಕ್ಕೆ ಕೂತಾಗ. “ತಿನ್ನವಾ, ತಿನ್ನು, ಬಂತು,” ಎಂದು ದಿನಕ್ಕೆ ಎಂಟು ಸಲ ಬೆಲ್ಲ ತಿನ್ನಿಸಿದಳು. ನಾಲ್ಕನೇ ದಿನ ದಾಕ್ಷಾಯಿಣಿ ಬಾಯಾರಿ ಬಾಯಾರಿ ಕೊಡಗಟ್ಟಲೆ ನೀರು ಕುಡಿದು ವಾಂತಿ ಮಾಡಿಕೊಂಡಳು. ಸ್ಟ್ರಿಪ್ ಹಾಕಿ ನೋಡಿದರೆ ನಾನೂರ ಹತ್ತು. ಹೆದರಿ ಆ ಒಂದು ದಿನಕ್ಕೆ ಆರು ಸ್ಟ್ರಿಪ್ ಸುಟ್ಟೆವು. ಡಬ್ಬಿಯಲ್ಲಿ ಉಳಿದದ್ದು ಎಂಟೇ ಎಂಟು.

“ಅತ್ತೀ, ಪ್ರತಿ ಸಲ ಬ್ಯಾಡ್ರಿ,” ಎಂದು ದಾಕ್ಷಾಯಿಣಿ ಮೆಲ್ಲಗೆ ಹೇಳಿದಳು. “ನಿಮ್ಮದು ಯಾವುದು ನಂದು ಯಾವುದು ಸ್ವಲ್ಪ ನೋಡಿ ಕೊಡ್ರಿ.”

“ಹೆಂಗ್ ನೋಡ್ಲಿ ನನ್ನವ್ವಾ? ಎರಡೂ ಇದs ಕೈಯಾಗ ಬರತಾವ,” ಎಂದಳು ಅವ್ವ.

ಅಷ್ಟಾದರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಹಗಲೆಲ್ಲ ಬಿಸಿಲಲ್ಲಿ ಮಂಟಪದ ಕಮಾನಿಗೆ ಕಟ್ಟಿದ ಸಾರುವೆಯ ಮೇಲೆ ನಿಂತು ಬಂದಿದ್ದೆ, ಸಾಹುಕಾರರು ಎರಡು ಸಲ ಬಂದು ಕತ್ತೆತ್ತಿ ನೋಡಿ ಹೋಗಿದ್ದರು. ನಾನು ಅವ್ವನ ಮೇಲೆ ಹರಿಹಾಯ್ದೆ. “ಎಲ್ಲಾ ನಡುಕಕ್ಕೂ ಒದರಬ್ಯಾಡ ನೀನು! ಬೆಲ್ಲ ತಿನ್ನಿಸಿ ತಿನ್ನಿಸಿ ಕೊಲ್ತೀ ಏನ್ ಆಕೀನ? ದೊಡ್ಡದು ಬಂದಾಗಷ್ಟs ಹೇಳು, ಸಣ್ಣದಕ್ಕ ಸುಮ್ನ ಕುಂಡ್ರು!” ಅವ್ವ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ತಲೆ ಆಡಿಸಿದಳು. ನಾನು ಹಡೆದವಳಿಗೆ ಹಾಗೆ ಬೈದದ್ದು ಅದೇ ಮೊದಲು. ಅಂದಿನಿಂದ ಅವಳು ಒದರುವುದನ್ನು ಬಿಟ್ಟಳು. ಮನೆ ತಣ್ಣಗಾಯಿತು. ನಡುವೆ ಒಂದೆರಡು ಸಲ ದಾಕ್ಷಾಯಿಣಿ ಮಾತಾಡುತ್ತ ಮಾತಾಡುತ್ತ ತೊದಲಿದಳಂತೆ, ಅವ್ವನೇ ಗುರುತು ಹಿಡಿದು ಬೆಲ್ಲ ಕೊಟ್ಟಳಂತೆ. ನೋಡಿದಿಯಾ, ಹೀಗೆ ಗಮನವಿಟ್ಟರೆ ಆಯಿತು ಎಂದು ನಾನು ಬೆನ್ನು ತಟ್ಟಿದೆ. ಅವಳು ಗುರುತು ಹಿಡಿದದ್ದು ನಡುಕದಿಂದಲ್ಲ, ಸೊಸೆಯ ಮಾತಿನಿಂದ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಹನ್ನೆರಡನೇ ದಿನ ಬೋರ್ಡು ಮುಗಿಯುವುದಿತ್ತು. ಬೆಳಿಗ್ಗೆ ಉಳಿದಿದ್ದ ಕೊನೆಯ ಸ್ಟ್ರಿಪ್ಪಿನಲ್ಲಿ ದಾಕ್ಷಾಯಿಣಿಯ ಸಕ್ಕರೆ ನೂರ ಹದಿನೆಂಟು ಬಂತು. “ನಿಮ್ಮ ಬೋರ್ಡಿನ ಅಡಿ ಹದಿನೆಂಟು, ನನ್ನ ಸಕ್ಕರೀನೂ ಹದಿನೆಂಟು, ಮುಂದ ಒಂದ್ ನೂರು ಅಷ್ಟs,” ಎಂದಳು. ಸಂಜೆ ಬರುವಾಗ ಐವತ್ತರ ಎರಡು ಡಬ್ಬಿ ತರುತ್ತೇನೆಂದೆ. ಮೂರು ತನ್ನಿ ಎಂದಳು. ಚಟ್ನಿಪುಡಿಯ ಆರ್ಡರ್ ಬಹಳವಿತ್ತು, ಅವತ್ತು ಊಟ ತಡವಾಗಿರಬೇಕು. ಇನ್ಸುಲಿನ್ ಚುಚ್ಚಿಕೊಂಡು ಮತ್ತೆ ಕುಟ್ಟಲು ಕೂತಳಂತೆ. ಆಮೇಲೆ ಕಣ್ಣು ಎಳೀತಾವ ಅತ್ತಿ, ಒಂದೀಟು ಅಡ್ಡಾಗ್ತೀನಿ ಎಂದಳಂತೆ.

ನಾನು ಮಧ್ಯಾಹ್ನ ಎರಡೂವರೆಗೆ ಕೊನೆಯ ಗೆರೆಗೆ ಕುಂಚ ಇಟ್ಟೆ. ಕೆಳಗೆ ಜನ ಸೇರಿದ್ದರು. ನನ್ನ ಕಸುಬು ಬಲ್ಲವರಿಗೆ ಗೊತ್ತು, ಹದಿನೆಂಟು ಅಡಿಯ ಗೆರೆಯನ್ನು ಕುಂಚ ಎತ್ತದೆ ಎಳೆಯುವುದು ಹುಡುಗಾಟವಲ್ಲ. ಸಾರುವೆಯ ಹಲಗೆಯ ಮೇಲೆ ಅಡ್ಡಡ್ಡ ಹೆಜ್ಜೆ ಇಡುತ್ತ, ಉಸಿರು ಹಿಡಿದು, ಬಿಟ್ಟು, ಹಿಡಿದು, ಎಳೆದೆ. ಒಂಬತ್ತು ವರ್ಷದಲ್ಲಿ ಅಂಥ ಗೆರೆ ನನ್ನ ಕೈಯಿಂದ ಬಂದಿರಲಿಲ್ಲ. ಒಂದು ಕೂದಲೆಳೆ ಸರಿಯಲಿಲ್ಲ. ಆ ಇಪ್ಪತ್ತು ನಿಮಿಷ ನಾನು ಸುಖವಾಗಿದ್ದೆ, ಇದನ್ನು ಮುಚ್ಚಿಡುವುದಿಲ್ಲ. ಕೈ ನನ್ನದಾಗಿತ್ತು. ಹೆಂಡತಿ, ಸಕ್ಕರೆ, ಬೆಲ್ಲ ಯಾವುದೂ ನೆನಪಿರಲಿಲ್ಲ. ತುದಿ ಮುಟ್ಟಿ ಕುಂಚ ಎತ್ತಿದಾಗ ಕೆಳಗಿದ್ದವರು ಚಪ್ಪಾಳೆ ತಟ್ಟಿದರು. ಸಾಹುಕಾರರು ಅಲ್ಲೇ ಜೇಬಿಗೆ ಕೈ ಹಾಕಿದರು.

ಮೆಡಿಕಲ್ ಶಾಪಿಗೆ ಹೋಗಿ ಮೂರು ಡಬ್ಬಿ ಸ್ಟ್ರಿಪ್, ಒಂದು ಪೂರ್ತಿ ಪೆಟ್ಟಿಗೆ ಸೂಜಿ ತೆಗೆದುಕೊಂಡೆ. ಅಂಗಡಿಯವನು ಹುಬ್ಬೇರಿಸಿದ. ನಾನು ಬೇಕೆಂದೇ ನಿಧಾನವಾಗಿ, ಎಲ್ಲರಿಗೂ ಕಾಣುವ ಹಾಗೆ ಚೀಲಕ್ಕೆ ಹಾಕಿಕೊಂಡೆ.

ಮನೆಯಲ್ಲಿ ಅವ್ವ ದಾಕ್ಷಾಯಿಣಿಯ ಚಾಪೆಯ ಪಕ್ಕದಲ್ಲೇ ಕೂತಿದ್ದಳು. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು, ಅವುಗಳ ಮೇಲೆ ಭಾರ ಬಿಟ್ಟು ಕೂತಿದ್ದಳು. ಬೆಲ್ಲದ ಡಬ್ಬಿ ಅವಳ ಮುಂದೆಯೇ ಇತ್ತು, ಮುಚ್ಚಳ ತೆಗೆದು ಇಟ್ಟಿದ್ದಳು. ನನ್ನನ್ನು ಕಂಡು, ಸದ್ದು ಮಾಡಬೇಡ, ಮಲಗಿದ್ದಾಳೆ ಎಂದು ಕಣ್ಣಿನಲ್ಲೇ ಸನ್ನೆ ಮಾಡಿದಳು.

“ಮಧ್ಯಾಹ್ನ ಭಾಳ ಬಂದಿತ್ತಪ್ಪಾ,” ಎಂದು ಪಿಸುಗುಟ್ಟಿದಳು. “ಕೈ ಅಂಬೂದು ಕೈಯಾಗಿರಲಿಲ್ಲ. ಇದು ದೊಡ್ಡದೋ ಸಣ್ಣದೋ ತಿಳೀಲಿಲ್ಲ. ಆಕಿ ನಿದ್ದಿ ಮಾಡಾಕತ್ತಿದ್ಲು. ಎಬ್ಬಿಸಿ ಬೆಲ್ಲ ತಿನಿಸಿದ್ರ ಮತ್ತ ಏರ್ತದ, ನೀ ಬೈತೀ ಅಂತ ಕೈಮ್ಯಾಲ ಕುಂತೆ. ಈಗ ಕಡಿಮಿ ಆಗೇದ ನೋಡು. ಮೊದಲಿನಂಗs ಆಗೇದ.”

ಕೈಗಳನ್ನು ಹೊರಗೆ ತೆಗೆದು ತೋರಿಸಿದಳು. ಅವು ಯಾವಾಗಿನ ಹಾಗೆ, ಆರು ವರ್ಷದಿಂದ ನಡುಗುತ್ತಿದ್ದಷ್ಟೇ, ಸಣ್ಣಗೆ ನಡುಗುತ್ತಿದ್ದವು. ಅದರಲ್ಲಿ ಬೇರೆ ಯಾರದೂ ಇರಲಿಲ್ಲ. ನಾನು ಚಾಪೆಯ ಕಡೆ ನೋಡುವ ಮೊದಲೇ ನನಗೆ ತಿಳಿಯಿತು.

ದಾಕ್ಷಾಯಿಣಿಯ ಕೈಬೆರಳುಗಳಿಗೆ ಇನ್ನೂ ಚಟ್ನಿಪುಡಿ ಅಂಟಿತ್ತು. ಹೊಸ ಡಬ್ಬಿ ಹರಿದು ಒಂದು ಸ್ಟ್ರಿಪ್ ತೆಗೆದು, ಆ ಬೆರಳಿಗೆ ಹೊಸ ಸೂಜಿ ಚುಚ್ಚಿದೆ. ಯಾಕೆ ಚುಚ್ಚಿದೆನೋ, ಚುಚ್ಚಿದೆ. ರಕ್ತ ಬರಲಿಲ್ಲ. ಇನ್ನೊಂದು ಬೆರಳಿಗೆ ಚುಚ್ಚಿದೆ. ಅವ್ವ ನನ್ನ ತೋಳು ಹಿಡಿದು, “ನೋವಾಗ್ತದೋ, ಮಲಗ್ಲಿ ಬಿಡು, ಮಲಗ್ಲಿ ಬಿಡು,” ಎನ್ನುತ್ತಿದ್ದಳು.

ಇವೆಲ್ಲ ಆಗಿ ಎಂಟು ತಿಂಗಳಾಯಿತು. ಅವ್ವನಿಗೆ ಈಗ ಬೈಯುವವರು ಯಾರೂ ಇಲ್ಲ. ಕೈ ನಡುಗಿದಾಗಲೆಲ್ಲ ಡಬ್ಬಿಯಿಂದ ಒಂದು ಚೂರು ಬೆಲ್ಲ ತೆಗೆದು ಚಾಪೆಯಿದ್ದ ಜಾಗದಲ್ಲಿ ಇಟ್ಟು ಬರುತ್ತಾಳೆ. ಸಂಜೆ ನಾನು ಅವನ್ನು ಆರಿಸಿ ಮತ್ತೆ ಡಬ್ಬಿಗೆ ಹಾಕುತ್ತೇನೆ, ಇರುವೆ ಮುತ್ತಿದರೂ ಎಸೆಯುವುದಿಲ್ಲ. ತಪ್ಪು ನಂದು ಎಂದು ಅವಳು ಹೇಳುತ್ತಾಳೆ, ನಂದು ಎಂದು ನಾನು ಹೇಳುತ್ತೇನೆ. ಅಷ್ಟು ಮಾತಾಡಿ ಇಬ್ಬರೂ ಉಣ್ಣುತ್ತೇವೆ. ಒಂದು ದಿನ ಹೊಸಮನಿ ಮೇಡಮ್ಮರ ಟೇಬಲ್ಲಿಗೆ ಹೋಗಿ, ಆ ಪಾಲು ನನ್ನ ಹೆಸರಿಗೆ ಬರೆದುಕೊಡಿ ಎಂದೆ. ಅವರು ಬಹಳ ಹೊತ್ತು ಕಾಗದಗಳ ಮೇಲೆ ಕೈ ಆಡಿಸಿ, “ಅದು ಈಗ ಯಾರ ಹತ್ರಾನೂ ಇಲ್ರೀ ಸೋಮಲಿಂಗಣ್ಣಾ,” ಎಂದು ಅತ್ತರು. ಅವರು ಅತ್ತಿದ್ದು ನನಗೆ ಸರಿಬರಲಿಲ್ಲ, ಎದ್ದು ಬಂದೆ.

ಕಲ್ಯಾಣ ಮಂಟಪದ ಬೋರ್ಡು ನೋಡಿದವರು ನನಗೆ ಸುತ್ತಲಿನ ಊರುಗಳಿಂದಲೂ ಕೆಲಸ ಕೊಡುತ್ತಿದ್ದಾರೆ. ಆ ದಾರಿಯಲ್ಲಿ ನಾನು ಹೋಗುವುದಿಲ್ಲ. ಹೋದ ವಾರ ಸಂಗಮ ಬೇಕರಿಯವನು ಕರೆದ. ಬೋರ್ಡು ಬಿಸಿಲಿಗೆ ಪೂರ್ತಿ ಮಾಸಿತ್ತು, ತಿಕ್ಕಿ ಹೊಸದಾಗಿ ಬರೆಯಬೇಕಿತ್ತು. ದುಡ್ಡು ಬೇಡ ಎಂದೆ, ಆದರೆ ಕೆಳಗಿನ ಗೆರೆಯನ್ನು ಇದ್ದ ಹಾಗೆಯೇ ಎಳೆಯುತ್ತೇನೆ, ಕೊನೆಯಲ್ಲಿ ಹೊರಳಿದೆಯಲ್ಲ, ಅದೂ ಸಹಿತ. ಅವನು ನನ್ನ ಮುಖ ನೋಡಿ, ಆಗಲಿ ಎಂದು ಒಳಗೆ ಹೋದ. ತಿಕ್ಕುವ ಮೊದಲು ಆ ನಡುಕದ ಮೇಲೆ ತೆಳ್ಳನೆಯ ಕಾಗದ ಇಟ್ಟು ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡಿದ್ದೆ. ಏಣಿ ಹತ್ತಿ, ಕೆಂಪು ಬಣ್ಣದಲ್ಲಿ ಕುಂಚ ಅದ್ದಿ ಎಳೆದೆ. ಮುಕ್ಕಾಲು ಭಾಗ ಬಂತು, ಯುಗಾದಿಯ ಮರುದಿನದ ಹನ್ನೊಂದು ಗಂಟೆಯ ಜಾಗವೂ ಬಂತು. ಕೈ ನಡುಗಲಿ ಎಂದು ಕಾದೆ, ಗುರುತು ನೋಡುತ್ತ ಬೇಕೆಂದೇ ಅಲುಗಿಸಿದೆ, ಒರೆಸಿ ಮತ್ತೆ ಎಳೆದೆ, ಮತ್ತೆ ಒರೆಸಿದೆ. ಎಷ್ಟು ಸಲ ಎಳೆದರೂ ಗೆರೆ ನೆಟ್ಟಗೇ ಬಂತು.